ಎಡಗೈ ಗಂಟು

ಮೊಂಟೆವಿಡಿಯೊ. ನಸುಕಿನ ಮೂರು ಗಂಟೆ.
ಹಿಟ್ಟಿನ ಮೂಟೆಗೆ ಒರಗಿಸಿದ ಫೋನಿನಲ್ಲಿ
ಮುಖವಾಡದ ರಾಣಿ ಹನ್ನೊಂದನೇ ಸಲ
ದೋಣಿಗೆ ಹಗ್ಗ ಬಿಗಿಯುತ್ತಾಳೆ.

‘ಎಡಗೈ ಗಂಟು, ನೋಡು!’ ನೀಬಿಯಾ ಕೂಗಿದಳು.
‘ಮೊದಲ ಸರಣಿಯಲ್ಲಿ ಹೀಗೆ ಕಟ್ಟುತ್ತಿದ್ದವಳು ಒಬ್ಬಳೇ,
ಸೇತುವೆ ಕಾಯುತ್ತ ಸತ್ತವಳು.
ಹೆಣ ತೋರಿಸಲೇ ಇಲ್ಲವಲ್ಲ,
ಬರೀ ಚಪ್ಪಲಿ.’

ಎಲಿಸೆಯೊ ಕಣಕ ನಾದುತ್ತಲೇ ಅಂದ:
‘ದುಡ್ಡುಳಿಸಲು ಚಿತ್ರ ಮಗುಚಿದ್ದಾರೆ ಮಾರಾಯ್ತಿ.
ಹಿಂದಿರುವ ಬಿದಿಗೆ ಚಂದ್ರನೂ
ತಿರುವುಮುರುವು.’

ನೋಡಿದಳು.
ಹೌದು, ಚಂದ್ರ.

ಸ್ವಲ್ಪ ಹೊತ್ತು ಒಲೆಯೊಂದೇ ಉಸಿರಾಡಿತು.

ಹತ್ತು ವರ್ಷ. ಆಗ ಅವಳಿಗೆ ಹದಿನಾಲ್ಕು;
ಚಪ್ಪಲಿ ಕಂಡ ರಾತ್ರಿ ಉಂಡಿರಲಿಲ್ಲ.

‘ಚಂದ್ರನಿಗೇನು ಗೊತ್ತು’ ಎಂದು ಗೊಣಗಿ
ಕೊನೆಯ ತಟ್ಟೆಯ ಬ್ರೆಡ್ಡಿಗೆಲ್ಲ
ಎಡಗೈಯಲ್ಲೇ ಗಂಟು ಹಾಕಿದಳು,
ಸೊಟ್ಟಸೊಟ್ಟ.

ಬೆಂದ ಮೇಲೆ ಎಲಿಸೆಯೊ
ಒಂದನ್ನು ಬೇರೆ ಎತ್ತಿಟ್ಟ.