ಚೂಪು ತುದಿಯ ಕಡೆಯಿಂದ

ಮೊದಲು ಒಳಗೆ ಹೋಗಿ ನಿಲ್ಲಿ, ಏನನ್ನೂ ಮುಟ್ಟಬೇಡಿ,
ಅಂದ ಆರಿನ್ ಶೇಫರ್.
ಸ್ಕೊಹ್ಯಾರಿ ಕಣಿವೆಯಲ್ಲಿ ಅಕ್ಟೋಬರ್. ಹುಲ್ಲಿನ ಮೇಲೆ
ಇಬ್ಬನಿ ಹರಳುಗಟ್ಟಿತ್ತು.
ತಗಡು ಕಿತ್ತ ಮಾಡಿನಿಂದ ಬೆಳಕು ಪಟ್ಟೆಪಟ್ಟೆಯಾಗಿ ಇಳಿದು
ದನವಿಲ್ಲದ ಗೊಂತಿನಲ್ಲಿ ಸಾಲಾಗಿ ನಿಂತಿತ್ತು.

ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ,
ಅದು ಮಡಕೆಯ ಮಾತು.
ಈ ಕೊಟ್ಟಿಗೆಯನ್ನು ಎಬ್ಬಿಸಿ ನಿಲ್ಲಿಸಿದ್ದು ಒಂದೇ ದಿನ,
ಊರಿನವರೆಲ್ಲ ಸೇರಿ, ಊಟದ ಹೊತ್ತಿಗೆ.
ನಾವು ಬಿಚ್ಚಲಿಕ್ಕೆ ಬಂದು ಇಂದಿಗೆ ಹನ್ನೊಂದು ದಿನ.

ಮೊಳೆಗಳದು ಈಚಿನ ಸಮಾಚಾರ:
ಹಲಗೆಗೆ, ಬಾಗಿಲಿಗೆ, ಲಾಟೀನು ನೇತುಹಾಕಲಿಕ್ಕೆ.
ಕಮ್ಮಾರ ಬಡಿದವಕ್ಕೆ ಒಂದೊಂದಕ್ಕೂ ಒಂದೊಂದು ಮುಖ,
ಯಂತ್ರ ಕತ್ತರಿಸಿದವಕ್ಕೆಲ್ಲ ಒಂದೇ ಮುಖ,
ತಂತಿಯ ಮೊಳೆಗೆ ಮುಖವೇ ಇಲ್ಲ.
ಬೆಕ್ಕಿನ ಪಂಜದಂಥ ಮೀಟುಗೋಲನ್ನು ತಲೆಯಡಿಗೆ ನುಗ್ಗಿಸಿ
ಒತ್ತಿದರೆ ಕಿರ್ರೆಂದು ಎದ್ದು ಬರುತ್ತವೆ,
ಬಣ್ಣದ ಡಬ್ಬಿಗೆ ಬೀಳುತ್ತವೆ, ಮರೆತುಹೋಗುತ್ತವೆ.

ತೊಲೆಯ ಸಂದಿನಲ್ಲಿ ಮಾತ್ರ ಕಬ್ಬಿಣವಿಲ್ಲ.
ಕಂಬವನ್ನು ಹಾದು ಆಚೆಗೆ ಚಾಚಿದ ತೊಲೆಯ ನಾಲಿಗೆ,
ನಾಲಿಗೆಯನ್ನು ಕಚ್ಚಿ ಹಿಡಿದ ಓಕ್ ಮರದ ಗೂಟ,
ಹೆಬ್ಬೆರಳ ದಪ್ಪ, ಎಂಟು ಮೈ,
ಏಟು ತಿಂದ ಕಡೆ ಉರುಟು, ಹೊರಟ ಕಡೆ ಚೂಪು.
ಹೊಸ ಹುಡುಗ ಟೋಬಿನ್ ಉರುಟು ತಲೆಗೇ ಬಾರಿಸಿದ,
ನಾಲ್ಕು ಸಲ. ಅದು ಇನ್ನಷ್ಟು ಕಚ್ಚಿತು.
ಆರಿನ್ ನಗಲಿಲ್ಲ. ಅವನ ತೋಳು ಹಿಡಿದು
ಕಂಬದ ಬೆನ್ನಿಗೆ ಕರೆದೊಯ್ದ.
ಬಂದ ದಾರಿಗೆ ಸುಂಕವಿಲ್ಲ, ಗೂಟಕ್ಕೂ ಅಷ್ಟೇ.

ಅದಕ್ಕೂ ಮೊದಲು ಭಾರ ಇಳಿಸಬೇಕು.
ಕ್ರೇನಿನ ಪಟ್ಟಿ ತೊಲೆಯನ್ನು ತುಸುವೇ ಎತ್ತಿ ಹಿಡಿಯಬೇಕು,
ಜ್ವರದ ಮಗುವಿನ ತಲೆ ಎತ್ತಿ ನೀರು ಕುಡಿಸುವಷ್ಟು.
ಆಮೇಲೆ ಟ್ರ್ಯಾಕ್ಟರಿನ ಅಚ್ಚಿನಿಂದ ಕಡೆಸಿದ ದಬ್ಬುಗೋಲು,
ಅದರ ಮೇಲೆ ಕೊಡತಿ. ದಬ್. ದಬ್. ಸದ್ದು ಬದಲಾಗುತ್ತದೆ.
ಬದಲಾದದ್ದು ಕೇಳಿಸದವನು ಈ ಕೆಲಸಕ್ಕೆ ಬೇಡ.

ಹೊರಬಂದ ಗೂಟ ನೆಟ್ಟಗಿರುವುದಿಲ್ಲ.
ಕಂಬದ ತೂತಿಗೂ ನಾಲಿಗೆಯ ತೂತಿಗೂ
ಬೇಕೆಂದೇ ಒಂದು ಗೋಧಿಕಾಳಿನ ಅಂತರ ಇಟ್ಟು ಕೊರೆದಿದ್ದರು:
ನೆಟ್ಟಗಿನ ಗೂಟ ಸೊಟ್ಟ ದಾರಿಯಲ್ಲಿ ನುಗ್ಗಿ
ಸೊಂಟ ಬಾಗಿಸಿ ಎರಡನ್ನೂ ಎಳೆದುಕೊಂಡಿತ್ತು.
ಕೈಯಲ್ಲಿ ಹಿಡಿದರೆ ಇನ್ನೂ ಬಾಗಿಯೇ ಇದೆ,
ಕೆಲಸ ಮುಗಿದದ್ದು ಅದಕ್ಕೆ ಯಾರೂ ಹೇಳಿಲ್ಲ.

ನನ್ನದು ಬಿಲ್ಲೆಯ ಕೆಲಸ. ತಾಮ್ರದ ಬಿಲ್ಲೆ, ಪೆನ್ಸಿಲು, ಪುಸ್ತಕ.
ಹಳೇ ಬಡಗಿಯೂ ಗುರುತು ಹಾಕಿದ್ದ, ಉಳಿಯಿಂದ,
ಕಂಬಕ್ಕೆ ಮೂರು ಗೀರು, ಅದರ ತೊಲೆಗೆ ಮೂರು ಗೀರು.
ಅವನ ಗೀರಿನ ಪಕ್ಕದಲ್ಲೇ ನನ್ನ ಬಿಲ್ಲೆ ಬಡಿಯುತ್ತೇನೆ,
ಅವನದನ್ನು ಮುಚ್ಚದ ಹಾಗೆ.

ಮೂರನೆಯ ಚೌಕಟ್ಟು, ಬಡಗಣ ಕಂಬ.
ಮೇಲಿನ ಗೂಟ ಬಂತು. ಕೆಳಗಿನದು ಇರಲೇ ಇಲ್ಲ.
ಒಡೆದದ್ದಲ್ಲ, ಹುಳ ತಿಂದದ್ದಲ್ಲ.
ತೂತಿನ ಅಂಚು ನಿನ್ನೆ ಬೈರಿಗೆ ತಿರುವಿದಷ್ಟು ಹರಿತ,
ಒಳಗೆ ಕಣಜದ ಹುಳದ ಮಣ್ಣಿನ ಗೂಡೊಂದು.
ಯಾರೋ ಊಟಕ್ಕೆ ಕರೆದಿರಬೇಕು.
ಅಥವಾ ಬುಟ್ಟಿಯಲ್ಲಿ ಒಂದು ಕಡಿಮೆ ಬಿದ್ದು
ನಾಳೆ ಕೆತ್ತುತ್ತೇನೆ ಅಂದಿರಬೇಕು.
ಆರಿನ್ ಕಿರುಬೆರಳು ತೂರಿಸಿ ನೋಡಿದ, ಬಹಳ ಹೊತ್ತು,
ಬೆರಳು ಹಿಂದಕ್ಕೆ ತೆಗೆಯದೆ.
ಟೋಬಿನ್ ಕೇಳಿದ: ಮತ್ತೆ ನಿಲ್ಲಿಸುವಾಗ ಅಲ್ಲೊಂದು ಹೊಡೆಯೋಣವೇ?
ಉತ್ತರ ಬರಲಿಲ್ಲ.

ಮನೆಯೊಡತಿ ಹೆಸ್ಟರ್ ಬೋರ್ಸ್ಟ್ ಥರ್ಮಾಸಿನಲ್ಲಿ ಕಾಫಿ ತಂದಳು,
ಮಗುಚಿದ ಬಕೆಟ್ಟಿನ ಮೇಲೆ ಕೂತಳು,
ಗೂಟಗಳೆಷ್ಟಾದವು ಅಂದಳು.
ಪುಸ್ತಕ ನೋಡಿ ಹೇಳಿದೆ. ಇಲ್ಲದ್ದನ್ನೂ ಹೇಳಿದೆ.
ಯಾವ ಕಂಬ? ತೋರಿಸಿದೆ.
ಅವಳು ಕಪ್ಪನ್ನು ನೆಲಕ್ಕಿಟ್ಟು ನಕ್ಕಳು,
ಕೆಮ್ಮು ಬರುವವರೆಗೂ ನಕ್ಕಳು:
ನಮ್ಮಪ್ಪ ಹೋರಿ ಕಟ್ಟುತ್ತಿದ್ದದ್ದು ಅದಕ್ಕೇ.
ರಾತ್ರಿಯೆಲ್ಲ ಎಳೆಯುತ್ತಿತ್ತು ಅದು, ಹಾಸಿಗೆಯಲ್ಲಿ ನಮಗೆ ಕೇಳುತ್ತಿತ್ತು.