ಲಾಸ್

ಗುರುವಾರ ಮಧ್ಯಾಹ್ನ, ಕಾಜಾ ಹೊಲಿಯುತ್ತ ಕೂತಿದ್ದಾಗ
ಗೋಡೆಯ ಡಬ್ಬಿಯಲ್ಲಿ ಹಸಿರು ಹೋಗಿ ಕೆಂಪು ಬಂತು.
ಕೆಳಗೆ ಮೂರಕ್ಷರ. ಕನ್ನಡಕ ಏರಿಸಿ ಓದಿದೆ:
ಎಲ್ಲು, ಓವು, ಎಸ್ಸು.
ಡಿಪೋದಿಂದ ಬಂದ ನಮ್ಮನೆಯವರು ಕೂಡಿಸಿ ಓದಿದರು:
'ಲಾಸ್. ಲಾಸಂತೆ ಕಣೇ. ಬರೆದೇ ಬಿಟ್ಟವ್ರೆ.'

ಬಸ್ಸಿಗೆ ಮಾಡುವ ವೈದ್ಯವನ್ನೇ ಇದಕ್ಕೂ ಮಾಡಿದರು:
ಬೆನ್ನಿಗೆ ಎರಡು ತಟ್ಟಿ, ಸಂದಿಗೆ ಊದಿ,
ಕಿವಿಯಿಟ್ಟು ಕೇಳಿ, 'ಇಂಜಿನ್ನು ಸರಿಯಾಗೇ ಐತೆ.'
ನಾನು ಮೆಷಿನ್ನಿಗೆ ಮಾಡುವುದನ್ನು ಮಾಡಿದೆ:
ಎಲ್ಲ ಬಿಚ್ಚಿ, ಒರೆಸಿ, ಮತ್ತೆ ಪೋಣಿಸಿದೆ.
ಫೋನಿನ ಹುಡುಗಿ ಹೇಳಿದ್ದೂ ಅಷ್ಟೇ,
ಆರಿಸಿ, ಹತ್ತು ಎಣಿಸಿ, ಹಚ್ಚಿ.
ಹತ್ತು ಎಣಿಸಿದೆ. ನೂರು ಎಣಿಸಿದೆ.
ಹಿಂದಿನ ಸಣ್ಣ ತೂತಿಗೆ ಪಿನ್ನು ಸಿಗದೆ
ಹದಿನಾರನೇ ನಂಬರಿನ ಸೂಜಿ ಚುಚ್ಚಿದೆ.
ಕೆಂಪು ಮಿಟುಕಿಸುತ್ತಲೇ ಇತ್ತು,
ಅಳತೆಗೆ ಕೊಟ್ಟ ರವಿಕೆಗೇ ಕತ್ತರಿ ಹಾಕಿದವಳನ್ನು
ಗಿರಾಕಿ ನೋಡುವ ಹಾಗೆ.

ಸಂಜೆಗೆ ಪೆನ್ಷನ್ ಮೊಹಲ್ಲಾದ ನಮ್ಮ ಓಣಿಯಲ್ಲಿ
ಒಂದೊಂದೇ ಬಾಗಿಲು ತೆರೆಯಿತು.
'ಅಕ್ಕಾ, ನಿಮ್ಮನೇಲಿ ನೆಟ್ ಹೋಯ್ತಾ?' ಕೆಳಮನೆಯ ನವೀದ.
'ನಿಮ್ದೂ ಹೋಯ್ತಾ?' ಅಂದೆ.
ಅವನು ತನ್ನ ಕಾಲ್ಬೆರಳು ನೋಡಿಕೊಂಡ.
ಡೆಯ್ಸಿ ಟೀಚರು ಹಿಟ್ಟಿನ ಕೈಯಲ್ಲೇ ಬಂದು
'ಏನಿಲ್ಲ, ಸುಮ್ನೆ ಕೇಳ್ದೆ' ಎಂದು ಗೇಟಿನಲ್ಲೇ ನಿಂತರು.
ಮಹಡಿಯ ಹುಡುಗರು, ಮೂರು ತಿಂಗಳಿಂದ ಮಾತಾಡದವರು,
ಆವತ್ತು ನಮಸ್ಕಾರ ಹೇಳಿದರು.

ಮರುದಿನ ಹೊಸಲೈನ್ ರಸ್ತೆಯ ಕೇಬಲ್ ಆಫೀಸಿನಿಂದ
ಒಬ್ಬ ಹುಡುಗ ಬಂದ. ಹೆಸರು ಲೋಹಿತ್.
ಕೆಂಪಿಗೆ ಕೆಂಪೇ ಮದ್ದು ಎಂದುಕೊಂಡೆ.
ಪೆನ್ನಿನಂಥದೊಂದನ್ನು ವೈರಿನ ತುದಿಗೆ ಸಿಕ್ಕಿಸಿ
'ಟ್ಯೂಬ್‌ಲೈಟ್ ಆರ್ಸಿ ಅಕ್ಕ. ಕಿಟ್ಕಿನೂ ಹಾಕಿ.'
ಕತ್ತಲೆ.
ಗೋಡೆಗುಂಟ ಏನಿಲ್ಲ. ಬೀರುವಿನ ಹಿಂದೆಯೂ ಇಲ್ಲ.
ಆಮೇಲೆ ನನ್ನ ಮೆಷಿನ್ನಿನ ಕಾಲಡಿ
ಹಳದಿ ವೈರಿನೊಳಗಿಂದ ಕೆಂಪು ಒಸರಿತು,
ಸೂಜಿ ಹೊಕ್ಕ ಬೆರಳಲ್ಲಿ ರಕ್ತ ಮೊದಲು ಕಾಣುವಷ್ಟು.

ನಾನೇ.
ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದೆ
ಗುರುವಾರ ಬೆಳಿಗ್ಗೆ ಮೆಷಿನ್ನನ್ನು ಕಿಟಕಿಗೆ ಎಳೆದಿದ್ದೆ.
ಬೆಳಕು ಬೇಕೆಂದು ಎಳೆದವಳು
ಬೆಳಕನ್ನೇ ಮಡಿಚಿ ಕಾಲಡಿ ಇಟ್ಟು
ಮಧ್ಯಾಹ್ನದವರೆಗೂ ತುಳಿದಿದ್ದೆ.

'ಇದ್ರೊಳಗೆ ಕರೆಂಟಲ್ಲ, ಲೈಟ್ ಹೋಗೋದು.
ಬಳಸ್ಬೋದು ಅಕ್ಕ, ಮಡಿಚಂಗಿಲ್ಲ.'
ಸಿಪ್ಪೆ ಸುಲಿದು ತೋರಿಸಿದ: ಗಾಜಿನ ಎಳೆ.
ಇಪ್ಪತ್ತಾರು ವರ್ಷದಲ್ಲಿ ನಾನು ಪೋಣಿಸಿದ
ಯಾವ ದಾರವೂ ಇಷ್ಟು ಸಣ್ಣದಿರಲಿಲ್ಲ.
ಗಂಟು ನಿಲ್ಲದು. ಹೊಲಿಗೆ ಹತ್ತದು.
ಟಿಫಿನ್ ಡಬ್ಬಿಯಷ್ಟು ಯಂತ್ರದಲ್ಲಿ ಎರಡು ತುದಿ ಮಲಗಿಸಿದ.
ಪುಟ್ಟ ಪರದೆಯಲ್ಲಿ ಎರಡು ಕಂಬಗಳು ಹತ್ತಿರ ಬಂದು,
ನಾಚಿ ನಿಂತು, ಒಂದು ಕಿಡಿ.
ಜೋಡಿಸಿದ ಗುರುತು ಹುಡುಕಿದೆ,
ಕಸುಬಿನವಳ ಹೊಟ್ಟೆಕಿಚ್ಚಿನಿಂದ.
ಸಿಗಲಿಲ್ಲ.

ಹಸಿರು ಬಂತು. ಅವನ ಫೋನಿನ ಪಟ್ಟಿಯಲ್ಲಿ
ಪಂಕ್ತಿಗೆ ಬಂದು ಕೂತಂತೆ ಹೆಸರುಗಳು ಕೂತವು.
'ಹನ್ನೊಂದು ಆಯ್ತು. ನಿಮ್ಮನೇಲಿ ಎಷ್ಟು ಫೋನು?'
'ಎರಡು.'
'ಪಾಸ್‌ವರ್ಡ್ ಬದಲಾಯಿಸ್ಲಾ?'

ನಾನು ಅವನ ಚೀಲದ ಕಿತ್ತ ಪಟ್ಟಿ ಹೊಲಿಯುತ್ತಿದ್ದೆ.
ಯಾವ ರವಿಕೆಗೂ ಹೊಲಿಗೆಯ ಒಳಗೆ
ಒಂದಿಂಚು ಬಿಟ್ಟಿರುತ್ತೇನೆ.
ಅವರು ಕೇಳಿರುವುದಿಲ್ಲ, ನಾನು ಹೇಳುವುದಿಲ್ಲ.
ಮೈ ತುಂಬಿದ ದಿನ ಬಿಚ್ಚಿಕೊಳ್ಳುತ್ತಾರೆ.
'ಅದು ಹಂಗೇ ಇರ್ಲಿ. ವೈರು ಮಾತ್ರ
ಒಂದು ಮೊಳ ಜಾಸ್ತಿ ಬಿಟ್ಟು ಹೋಗು.
ಈ ಮೆಷಿನ್ನು ಇನ್ನು ಕಿಟಕಿ ಬಿಡಲ್ಲ.'

ಮೆಟ್ಟಿಲ ಕೆಳಗಿನಿಂದ ನವೀದ ಕೂಗಿದ:
'ಬಂತಾ ಅಕ್ಕಾ?'
'ನಂಗ್ಯಾಕೆ ಕೇಳ್ತೀಯೋ,' ಅಂದೆ, 'ನಿಂಗೇ ಗೊತ್ತಲ್ಲ.'