ನಿಂತಾಗಿನ ಕರೆಂಟು

ಗೋಡಿ ಎರಡು ಮೂಲಿಗೆ ಎರಡು ಮೋಟಾರು,
ನಡುವ ಜೋತ ದಾರ, ದಾರದಾಗ ಒಂದು ಪೆನ್ನು.
ಆಳಂದ ನಾಕಾದ ಹಿಂದಿನ ಈ ಒಂದು ಖೋಲಿದಾಗ
ಮಷೀನಿನ ಕೈಲೆ ವರ್ತುಳ ಬರಸಲಿಕ್ಕ ಕುಂತು
ಇವತ್ತಿಗೆ ಹನ್ನೊಂದು ರಾತ್ರಿ.

ಪಾಲಿಟೆಕ್ನಿಕ್ಕಿನ ಲ್ಯಾಬಿನಾಗ ನಾ ಬರೇ ಕೀಲಿ ಕಾಯಾಕಿ.
ಹುಡುಗರು ಬಿಟ್ಟುಹೋದ ತುಂಡು ತಂತಿ, ಕಾಲು ಮುರಿದ ಬೋರ್ಡು,
ರದ್ದಿ ತೂಕಕ್ಕ ಹಾಕೂ ಮೊದಲ
ಪ್ರಿನ್ಸಿಪಾಲರನ್ನ ಕೇಳಿ ತಂದೀನಿ. ಕಳವಲ್ಲ.

ವರ್ತುಳ ಮುಚ್ಚವಲ್ದು.
ಹೊಂಟ ಚುಕ್ಕಿಗೆ ತಿರುಗಿ ಬರಬೇಕಾದ ಪೆನ್ನು
ಎರಡು ಬೆರಳು ಈಚೆಗೇ ನಿಂತು
ಮುಟ್ಟೀನಿ ಅಂತ ತಿಳಕೊಂಡದ.
ಕರೆಂಟು ಸಾಲದ ಮೋಟಾರು ಸುಳ್ಳು ಹೇಳೂದಿಲ್ಲ,
ಎಣಿಕಿ ತಪ್ಪತದ,
ತಪ್ಪಿದ್ದು ಅದಕ್ಕ ಗೊತ್ತಾಗೂದಿಲ್ಲ.

ಬೋರ್ಡಿನ ಮ್ಯಾಲ ಸಾಸಿವಿಗಿಂತ ದೊಡ್ಡದು, ಜೋಳಕ್ಕಿಂತ ಸಣ್ಣದು
ಒಂದು ತಿರುಪು.
ಬಲಕ್ಕ ಕೂದಲೆಳಿಯಷ್ಟು ತಿರುವಿದ್ರ ಗುಂಯ್ ಅಂತದ,
ಮತ್ತೊಂದು ಎಳಿ, ಗೋಡೀನೇ ನಡಗತದ,
ಇನ್ನೊಂದಕ್ಕ ಚಿಪ್ಪು ಕಾದು ತಾನೇ ಕಣ್ಣು ಮುಚ್ಚತದ.
ಅದರ ಲೆಕ್ಕದ ಹಾಳಿದಾಗ ಇಪ್ಪತ್ತೈದು ಡಿಗ್ರಿ ಅಂತ ಬರದಾರ.
ಇಪ್ಪತ್ತೈದು! ಕಲಬುರಗಿ ಬ್ಯಾಸಗಿದಾಗ
ಮಗಿದಾಗಿನ ನೀರೂ ಅಷ್ಟು ತಂಪಿರೂದಿಲ್ಲ.

ಮೊದಲನೇ ವಾರ ಒಂದು ಚಿಪ್ಪು ಕೊಂದೀನಿ.
ಕರೆಂಟು ಇರೂವಾಗೇ ಮೋಟಾರಿನ ತಂತಿ ಕಿತ್ತಿದ್ದೆ.
ಕಡ್ಡಿ ಆರಿಸಿದಷ್ಟು ಹೊಗಿ. ನೂರಾ ನಲವತ್ತು ರೂಪಾಯಿ.
ಆ ವಾಸನಿ ಗೋಡಿ ದಾಟಿ ಹೋಗಿ
ಪಕ್ಕದ ಮಳಿಗಿಯಿಂದ ಲಾಡ್ಲೆಸಾಬ ಓಡಿ ಬಂದಿದ್ದ.
ಮೂವತ್ತು ವರ್ಷ ಫ್ಯಾನು ಸುತ್ತಿದ ಮೂಗು.

ಇವತ್ತೂ ಬಂದಾನ. ಕಾಗದ ನೋಡಿ,
"ಇದೇನ್ರಿ ಅಕ್ಕೋರ, ಇಲಿ ಕಡದ ರೊಟ್ಟಿ ಆಗ್ಯದಲ್ಲ" ಅಂದ.
ಇಸ್ತ್ರಿಪೆಟ್ಟಿಗಿ ಕಾದದೇನು ನೋಡೋರ ಹಂಗ
ಕೈ ಬೆನ್ನಿನಿಂದ ಮೋಟಾರು ಮುಟ್ಟಿದ.
"ತಿರಗವಲ್ದು, ಆದ್ರ ಕಾದದ. ಸುಟ್ಟದ ಇದು."

ಸುಟ್ಟಿಲ್ಲ. ಇದು ನಿಂತಾಗೂ ಕರೆಂಟು ತಿಂತದ,
ಪೆನ್ನು ಬೀಳದಂಗ ಹಿಡಕೊಂಡದ ಅಂದೆ.
"ಬರೇ ನಿಂದರಲಿಕ್ಕ?"
ಬರೇ ನಿಂದರಲಿಕ್ಕ.

ಆತ ಸುಮ್ಮನಾದ. ಫ್ಯಾನಿನ ಲೋಕದಾಗ
ನಿಂತು ಕಾದದ್ದೆಲ್ಲ ಕೆಟ್ಟದ್ದು,
ಬಿಚ್ಚಿ ತಾಮ್ರ ಕಿತ್ತು ತೂಕಕ್ಕ ಹಾಕೂದು.
ಆಮ್ಯಾಲ ಅಂದ:
"ನಮ್ಮಾಕಿ ಸರಕಾರಿ ದವಾಖಾನಿದಾಗ ರಾತ್ರಿ ಪಾಳಿ ಮಾಡ್ತಾಳ.
ಸಲೈನು ಮುಗಿಯೂತನ ನಿಂತಿರತಾಳ.
ಮನಿಗೆ ಬಂದು, ಏನೂ ಮಾಡಿಲ್ಲ, ಆದ್ರ ದಣದೀನಿ ಅಂತಾಳ.
ನಾ ನಗತಿದ್ದೆ."

ಮೀಟರಿನ ಕಪ್ಪು ಕಡ್ಡಿ ನೆಲದ ತಂತಿಗೆ,
ಕೆಂಪು ಕಡ್ಡಿ ತಿರುಪಿನ ನೆತ್ತಿಗೆ.
ನಾ ತಿರುವತೀನಿ, ಆತ ಓದತಾನ:
ಪಾಯಿಂಟ್ ಮೂವತ್ತು, ಪಾಯಿಂಟ್ ಮೂವತ್ತಾರು, ನಲವತ್ತೊಂದು.
ಅಲ್ಲಿಂದ ಮುಂದ ಅಂಕಿ ಬಿಟ್ಟು ಕಿವಿ ಹಚ್ಚಿದ.
"ಹಿಂದಕ್ಕ. ತುಸು. ಇನ್ನೂ ತುಸು. ಬಸ್."
ಪಾಯಿಂಟ್ ಮೂವತ್ತೆಂಟು.

ಪೆನ್ನು ಹೊಂಟಿತು.
ಮುಕ್ಕಾಲು ವರ್ತುಳಕ್ಕ ಲೈಟು ಹೋತು.
ಕತ್ತಲದಾಗ ದಾರ ಸಡಲಿ, ಸರ್ರಂತ ಜಾರಿದ ಸಪ್ಪಳ.
ಹಿಡದದ್ದು ಬಿಟ್ಟಾಗ ಮಾತ್ರ
ಹಿಡದಿತ್ತು ಅಂತ ಇಬ್ಬರಿಗೂ ಕೇಳಿಸಿತು.

ಹನ್ನೊಂದೂವರಿಗೆ ಲೈಟು ಬಂತು.
ಅದೇ ಕಾಗದ, ಆ ಬಾಲದ ಗೀಟಿನ ಮ್ಯಾಲೇ, ಮತ್ತ ಮೊದಲಿಂದ.
ಮುಚ್ಚಿತು. ಅಂದ್ರ, ಒಂದು ಕೂದಲು ಸಂದಿ ಉಳೀತು.
ಲಾಡ್ಲೆಸಾಬ ಚಷ್ಮಾ ತಂದಿರಲಿಲ್ಲ, ನಾ ಹೇಳಲಿಲ್ಲ.

ಫ್ಯಾನು ಸುತ್ತಿದ ಮ್ಯಾಲ ಮುಚ್ಚಳದ ಒಳಗ
ತಂತಿ ಎಷ್ಟನೇ ನಂಬರು, ಎಷ್ಟು ಸುತ್ತು ಅಂತ
ಬರದಿಡತಾನ ಆತ, ಮುಂದ ಬಿಚ್ಚೂ ಮಿಸ್ತ್ರಿ ಸಲುವಾಗಿ.
ಆತನ ಕಿವಿ ಮ್ಯಾಲಿನ ಪೆನ್ಸಿಲು ಇಸಕೊಂಡು
ಡಬ್ಬಿ ಮುಚ್ಚಳದಾಗ ಬರದೆ:
ಪಾಯಿಂಟ್ ಮೂವತ್ತೆಂಟು. ಮೇ ತಿಂಗಳು.
ಥಂಡಿದಾಗ ಮತ್ತೊಮ್ಮೆ ನೋಡಬೇಕು.